ಹೆಣ್ಣುಮಕ್ಕಳಲ್ಲಿ ಅತಿಯಾದ ಕೂದಲು: ಕಾರಣ ಮತ್ತು ಚಿಕಿತ್ಸೆ

ಇಂದು ನಾನು ಮಾತನಾಡಲಿರುವ ವಿಷಯವನ್ನು ತರಗತಿಯಲ್ಲಿ ಯಾರೂ ಎತ್ತುವುದಿಲ್ಲ. ಮನೆಯಲ್ಲಿಯೂ ಬಾಯಿಬಿಟ್ಟು ಆಡುವವರು ಕಡಿಮೆ. ಆದರೆ ಕನ್ನಡಿಯ ಮುಂದೆ ಒಬ್ಬಳೇ ನಿಂತಾಗ ಎಷ್ಟೋ ಹೆಣ್ಣುಮಕ್ಕಳು ಇದನ್ನೇ ಯೋಚಿಸಿ ಕೊರಗುತ್ತಾರೆ. ಮುಖ, ಗದ್ದ, ಎದೆ, ಹೊಟ್ಟೆಯ ಮೇಲೆ ಗಂಡಸರಿಗೆ ಬರುವ ರೀತಿಯಲ್ಲಿ ಒರಟು ಕೂದಲು ಬೆಳೆಯುವ ತೊಂದರೆಯೇ ಆ ವಿಷಯ. ವೈದ್ಯರು ಇದನ್ನು ಹರ್ಸುಟಿಸಂ ಎನ್ನುತ್ತಾರೆ. ನಾವು ಅತಿರೋಮ ಎಂದು ಕರೆಯೋಣ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲೂಕುಗಳ ಯಾವುದಾದರೂ ಒಂದು ಊರಿನ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು ಹದಿನೇಳು. ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಸೆಕೆಯ ದಿನಗಳಲ್ಲಿಯೂ ವೇಲನ್ನು ಗದ್ದದವರೆಗೆ ಎಳೆದುಕೊಂಡು ಕೂರುತ್ತಾಳೆ. ಫೋಟೋ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಾಳೆ. ಹಿಂದಿನ ಬೆಂಚಿನಿಂದ ಯಾರೋ ಒಬ್ಬ "ಮೀಸೆ" ಎಂದು ಪಿಸುಗುಟ್ಟಿದ ದಿನದಿಂದ ಪಾಠದಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾಳೆ. ಮನೆಯಲ್ಲಿ ಅಜ್ಜಿ, "ಅರಿಶಿನ ಸರಿಯಾಗಿ ಹಚ್ಚಿದ್ದರೆ ಹಿಂಗಾಯ್ತಿರಲಿಲ್ಲ ಕಣವ್ವ" ಎನ್ನುತ್ತಾರೆ. ಸಂಬಂಧ ಕೇಳಿ ಬಂದವರು ಏನೆಂದುಕೊಳ್ಳುವರೋ ಎಂದು ತಾಯಿಗೆ ಒಳಗೊಳಗೇ ಚಿಂತೆ. ಈ ನಡುವೆ ಒಂದು ವಿಷಯವನ್ನು ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ. ಅವಳಿಗೆ ಮುಟ್ಟಾಗಿ ನಾಲ್ಕು ತಿಂಗಳಾಗಿದೆ.

ಈ ಎರಡು ಸಂಗತಿಗಳಿಗೆ, ಅಂದರೆ ಗದ್ದದ ಮೇಲಿನ ಕೂದಲಿಗೂ ತಪ್ಪಿದ ಮುಟ್ಟಿಗೂ, ಸಂಬಂಧವಿದೆಯೇ? ಇದೆ. ಆ ಸಂಬಂಧವನ್ನು ತಿಳಿದುಕೊಂಡರೆ ಮುಂದಿನ ದಾರಿ ಅರ್ಧ ತೆರೆದಂತೆ.

ಕೂದಲು ಹೊಸದಾಗಿ ಹುಟ್ಟುವುದಿಲ್ಲ

ಅಂಗೈ, ಅಂಗಾಲು, ತುಟಿ ಇಂಥ ಕೆಲವು ಜಾಗಗಳನ್ನು ಬಿಟ್ಟರೆ ನಮ್ಮ ಮೈಯೆಲ್ಲಾ ಕೂದಲ ಗುಣಿಗಳಿವೆ. ಇವಕ್ಕೆ ರೋಮಕೂಪಗಳೆಂದು ಹೆಸರು. ಒಟ್ಟು ಸುಮಾರು 50 ಲಕ್ಷ. ಅವುಗಳಲ್ಲಿ ಸುಮಾರು ಒಂದು ಲಕ್ಷ ತಲೆಯ ಮೇಲಿವೆ. ಇವೆಲ್ಲವೂ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಹುಟ್ಟಿದ ಮೇಲೆ ಒಂದೂ ಹೊಸದಾಗಿ ಸೇರುವುದಿಲ್ಲ. ಗಂಡಿಗೂ ಹೆಣ್ಣಿಗೂ ಈ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಹಾಗಾದರೆ ಅಣ್ಣನ ಗದ್ದದ ಮೇಲೆ ಗಡ್ಡ, ತಂಗಿಯ ಗದ್ದದ ಮೇಲೆ ನುಣುಪು ಏಕೆ?

ತಂಗಿಯ ಗದ್ದದ ಮೇಲೂ ಕೂದಲಿದೆ. ಬೆಳಕಿಗೆ ಹಿಡಿದು ನೋಡಿದರೆ ಕಾಣುವಂಥ ಮೃದುವಾದ, ತಿಳಿಬಣ್ಣದ ನವಿರುಗೂದಲು ಅದು. ಅದೇ ರೋಮಕೂಪಕ್ಕೆ ಆಂಡ್ರೊಜನ್ ಎಂಬ ಹಾರ್ಮೋನು ಸಾಕಷ್ಟು ತಲುಪಿದಾಗ ನವಿರುಗೂದಲು ದಪ್ಪವಾಗಿ, ಕಪ್ಪಾಗಿ, ಉದ್ದವಾಗಿ ಬೆಳೆಯತೊಡಗುತ್ತದೆ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಲು ಕನ್ನಂಬಾಡಿ ಕಟ್ಟೆಯ ಉದಾಹರಣೆಯೇ ಸಾಕು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲಿನಲ್ಲಿ ಭತ್ತ, ಕಬ್ಬು ಬೆಳೆಯುತ್ತವೆ. ಮಳೆಯನ್ನೇ ನಂಬಿದ ನಾಗಮಂಗಲದ ಹೊಲಗಳಲ್ಲಿ ರಾಗಿ, ಹುರುಳಿ. ನಾಲೆ ಬಂದಾಗ ಭೂಮಿಯೇನೂ ಹೊಸದಾಗಿ ಹುಟ್ಟಲಿಲ್ಲ. ಇದ್ದ ಭೂಮಿಗೆ ನೀರು ಬಂತು, ಬೆಳೆ ಬದಲಾಯಿತು. ರೋಮಕೂಪವೇ ಆ ಭೂಮಿ, ಹಾರ್ಮೋನೇ ನೀರು.

ಆಂಡ್ರೊಜನ್‌ಗಳನ್ನು ಪುರುಷ ಹಾರ್ಮೋನುಗಳೆಂದು ಕರೆಯುವುದು ವಾಡಿಕೆ. ಈ ಹೆಸರು ಕೊಂಚ ದಾರಿ ತಪ್ಪಿಸುತ್ತದೆ. ಹೆಣ್ಣಿನ ಶರೀರದಲ್ಲಿಯೂ ಇವು ಇವೆ, ಇರಲೇಬೇಕು. ಅಂಡಾಶಯಗಳು ಮತ್ತು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಇವನ್ನು ಸ್ವಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಸ್ತ್ರೀ ಹಾರ್ಮೋನಾದ ಈಸ್ಟ್ರೊಜನ್ ಕೂಡ ಆಂಡ್ರೊಜನ್‌ನಿಂದಲೇ ರೂಪಾಂತರಗೊಂಡು ತಯಾರಾಗುತ್ತದೆ. ಮೈನೆರೆಯುವ ಕಾಲದಲ್ಲಿ ಕಂಕುಳಲ್ಲಿ ಕೂದಲು ಬರುವುದೂ ಇದರಿಂದಲೇ. ಆದ್ದರಿಂದ ಆಂಡ್ರೊಜನ್ ಇರುವುದು ರೋಗವಲ್ಲ. ಅದರ ಪ್ರಮಾಣ ಏರಿದಾಗ, ಅಥವಾ ಪ್ರಮಾಣ ಸರಿಯಿದ್ದರೂ ಚರ್ಮ ಅದಕ್ಕೆ ಹೆಚ್ಚಾಗಿ ಸ್ಪಂದಿಸಿದಾಗ ಅತಿರೋಮ ಕಾಣಿಸಿಕೊಳ್ಳುತ್ತದೆ. ಒಂದೇ ನಾಲೆಯ ನೀರು ಹರಿದರೂ ಎರೆಮಣ್ಣು ಹಿಡಿದಿಟ್ಟುಕೊಳ್ಳುವಷ್ಟು ತೇವವನ್ನು ಮರಳುಮಣ್ಣು ಹಿಡಿಯುವುದಿಲ್ಲವಲ್ಲ, ಹಾಗೆ.

ಎಷ್ಟಿದ್ದರೆ ಹೆಚ್ಚು?

ಹುಡುಗಿಯರೇ, ಇಲ್ಲಿ ನಿಮಗೊಂದು ಸಮಾಧಾನದ ಮಾತು. ಮುಂಗೈ ಮೇಲೆ, ಮೊಣಕಾಲಿನ ಕೆಳಗೆ ಕೂದಲಿದೆ ಎಂದು ಅನೇಕರು ಹೆದರುತ್ತಾರೆ. ಅದು ಈ ಲೆಕ್ಕಕ್ಕೇ ಬರುವುದಿಲ್ಲ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬಿಬ್ಬರು ಇಂಗ್ಲೆಂಡಿನ ವೈದ್ಯರು ಅತಿರೋಮವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಅದರ ಪರಿಷ್ಕೃತ ರೂಪವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಮೇಲ್ತುಟಿ, ಗದ್ದ, ಎದೆ, ಮೇಲ್ಹೊಟ್ಟೆ, ಕಿಬ್ಬೊಟ್ಟೆ, ಬೆನ್ನಿನ ಮೇಲ್ಭಾಗ, ಬೆನ್ನಿನ ಕೆಳಭಾಗ, ತೋಳು, ತೊಡೆ ಈ ಒಂಬತ್ತು ಜಾಗಗಳಲ್ಲಿ ಒರಟು ಕೂದಲು ಎಷ್ಟಿದೆ ಎಂದು ನೋಡಿ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಒಟ್ಟು 36 ಅಂಕ. ಹಿಂದೆ ಎಂಟು ಅಥವಾ ಹೆಚ್ಚು ಅಂಕ ಬಂದರೆ ಅತಿರೋಮ ಎನ್ನುತ್ತಿದ್ದರು. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ, ಜನಾಂಗವನ್ನು ನೋಡಿಕೊಂಡು ನಾಲ್ಕರಿಂದ ಆರು ಅಂಕಕ್ಕೇ ಎಚ್ಚರ ವಹಿಸಬೇಕೆಂದು ಹೇಳುತ್ತದೆ.

ಜನಾಂಗದ ಮಾತು ಏಕೆ ಬಂತೆಂದರೆ, ಕೂದಲಿನ ಪ್ರಮಾಣ ವಂಶದ ಕೊಡುಗೆ. ಚೀನಾ, ಜಪಾನಿನ ಹೆಂಗಸರಿಗೆ ಮೈಗೂದಲು ಕಡಿಮೆ. ಭಾರತ, ಅರಬ್ ದೇಶಗಳು, ಮೆಡಿಟರೇನಿಯನ್ ತೀರದ ಹೆಂಗಸರಿಗೆ ಹೆಚ್ಚು. ತಾಯಿಗೆ, ಅತ್ತೆಗೆ, ಅಜ್ಜಿಗೆ ಮೇಲ್ತುಟಿಯ ಮೇಲೆ ತೆಳುವಾಗಿ ಕೂದಲಿದ್ದು, ನಿಮಗೂ ಹಾಗೆಯೇ ಇದ್ದು, ಮುಟ್ಟು ಕ್ರಮವಾಗಿ ಬರುತ್ತಿದ್ದರೆ ಹೆದರಬೇಕಾದ್ದಿಲ್ಲ. ಜಾಹೀರಾತಿನಲ್ಲಿ ಕಾಣುವ ನುಣುಪು ಮುಖವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಲೋಕದ ಬಹುಪಾಲು ಹೆಂಗಸರು ರೋಗಿಗಳಾಗಬೇಕಾದೀತು.

ಅಂಡಾಶಯದ ಕಥೆ

ನಿಜವಾದ ಅತಿರೋಮವಿರುವ ಹತ್ತು ಮಂದಿಯಲ್ಲಿ ಏಳೆಂಟು ಮಂದಿಗೆ ಕಾರಣ ಒಂದೇ: ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಚಿಕ್ಕದಾಗಿ ಪಿಸಿಓಎಸ್. ಈ ಹೆಸರನ್ನು ನೀವು ಕೇಳಿರಬಹುದು. ಮಕ್ಕಳಾಗುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಮಂದಿಗೆ ಇದು ಇರುತ್ತದೆ.

ಗಡ್ಡ ಮತ್ತು ಮುಟ್ಟಿನ ನಂಟನ್ನು ಜನ ಬಹಳ ಹಿಂದೆಯೇ ಗಮನಿಸಿದ್ದರು. ಹಿಪೊಕ್ರೆಟಿಸನ ಹೆಸರಿನಲ್ಲಿರುವ, ಎರಡು ಸಾವಿರ ವರ್ಷಕ್ಕೂ ಹಳೆಯದಾದ ಗ್ರೀಕ್ ವೈದ್ಯಗ್ರಂಥದಲ್ಲಿ ಫೇಥೂಸಾ ಎಂಬ ಗೃಹಿಣಿಯ ಪ್ರಸ್ತಾಪವಿದೆ. ಅವಳಿಗೆ ಮುಟ್ಟು ನಿಂತಿತು, ಗಡ್ಡ ಬೆಳೆಯಿತು ಎಂದು ಅಲ್ಲಿ ಬರೆದಿದೆ. 1921ರಲ್ಲಿ ಪ್ಯಾರಿಸ್ಸಿನ ಅಶಾರ್ ಮತ್ತು ತಿಯೆರ್ಸ್ ಎಂಬ ವೈದ್ಯರು ಗಡ್ಡವಿರುವ ಹೆಂಗಸರಲ್ಲಿ ಸಕ್ಕರೆ ಕಾಯಿಲೆ ಕಾಣುತ್ತದೆಂದು ವರದಿ ಮಾಡಿದರು. ಕೆನಡಾದಲ್ಲಿ ಇನ್ಸುಲಿನ್ ಕಂಡುಹಿಡಿದದ್ದೂ ಅದೇ ವರ್ಷ. 1935ರಲ್ಲಿ ಅಮೆರಿಕದ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಂದಿ ಹೆಂಗಸರ ಬಗ್ಗೆ ಬರೆದರು. ಮುಟ್ಟಿನ ಏರುಪೇರು, ಅತಿರೋಮ, ದೊಡ್ಡದಾದ ಅಂಡಾಶಯ, ಇವು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ ಎಂದು ಅವರು ತೋರಿಸಿದರು. ಮುಟ್ಟು, ಕೂದಲು, ಸಕ್ಕರೆ ಎಂಬ ಈ ಮೂರು ಎಳೆಗಳು ಒಂದೇ ಹಗ್ಗದ್ದು ಎಂಬುದು ಹೀಗೆ ಒಂದೊಂದಾಗಿ ತಿಳಿಯುತ್ತಾ ಬಂತು.

ಆ ಹಗ್ಗ ಹೊಸೆದುಕೊಳ್ಳುವ ಬಗೆ ಹೀಗೆ. ನಾವು ತಿಂದ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆಯನ್ನು ಜೀವಕೋಶಗಳ ಒಳಕ್ಕೆ ಬಿಡಿಸುವುದು ಇನ್ಸುಲಿನ್. ಕೆಲವರಲ್ಲಿ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಬೇಗ ಕೇಳುವುದಿಲ್ಲ. ಇದು ಹೆಚ್ಚಾಗಿ ವಂಶದಿಂದ ಬರುವ ಗುಣ. ತೂಕ ಹೆಚ್ಚಿದರೆ ಇನ್ನಷ್ಟು ಬಿಗಡಾಯಿಸುತ್ತದೆ. ಆಗ ಶರೀರ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಈ ಹೆಚ್ಚುವರಿ ಇನ್ಸುಲಿನ್ ಎರಡು ಕಿತಾಪತಿ ಮಾಡುತ್ತದೆ. ಒಂದು, ಅಂಡಾಶಯವನ್ನು ಕೆರಳಿಸಿ ಹೆಚ್ಚು ಆಂಡ್ರೊಜನ್ ತಯಾರಿಸುವಂತೆ ಮಾಡುತ್ತದೆ. ಎರಡು, ಆಂಡ್ರೊಜನ್ ಅನ್ನು ರಕ್ತದಲ್ಲಿ ಕಟ್ಟಿಹಾಕಿಡುವ ಒಂದು ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ಅದನ್ನು ಕಡಿಮೆ ಮಾಡುತ್ತದೆ. ಅಂದರೆ ಕಟ್ಟೆಗೆ ನೀರೂ ಹೆಚ್ಚು ಬಂತು, ತೂಬಿನ ಬಾಗಿಲೂ ಸಡಿಲವಾಯಿತು. ಬಿಡುಗಡೆಯಾದ ಆಂಡ್ರೊಜನ್ ಮುಖದ ರೋಮಕೂಪಗಳಿಗೆ ಹರಿಯುತ್ತದೆ. ಇತ್ತ ಅಂಡಾಶಯದಲ್ಲಿ ತಿಂಗಳಿಗೊಂದು ಅಂಡ ಬಲಿತು ಹೊರಬರಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಮುಟ್ಟು ತಪ್ಪುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣುವ "ಗುಳ್ಳೆಗಳು" ಹೀಗೆ ಅರ್ಧದಲ್ಲಿ ನಿಂತ ಅಂಡಕೋಶಗಳೇ ಹೊರತು ಗೆಡ್ಡೆಗಳಲ್ಲ.

ಇದು ಕಾಲೇಜು ಹುಡುಗಿಯರ ನಡುವೆ ಎಷ್ಟಿದೆ ಎಂಬುದಕ್ಕೆ ನಮ್ಮ ಹತ್ತಿರದ್ದೇ ಒಂದು ಅಧ್ಯಯನವಿದೆ. ಬೆಂಗಳೂರಿನ ಬಳಿಯ ಸ್ವಾಮಿ ವಿವೇಕಾನಂದ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ನೆರೆಯ ಅನಂತಪುರದ ವಸತಿ ಕಾಲೇಜಿನ, 15ರಿಂದ 18 ವರ್ಷದ 460 ಹುಡುಗಿಯರನ್ನು ಪರೀಕ್ಷಿಸಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ನೂರಕ್ಕೆ 9.13ರಷ್ಟು ಹುಡುಗಿಯರಲ್ಲಿ ಪಿಸಿಓಎಸ್ ಕಂಡುಬಂದಿತ್ತು. ಐವತ್ತು ಹುಡುಗಿಯರ ಒಂದು ತರಗತಿಯೆಂದರೆ, ನಾಲ್ಕೈದು ಮಂದಿ. ನಮ್ಮ ಬಸ್ಸಿನ ಹುಡುಗಿ ತಾನೊಬ್ಬಳೇ ಹೀಗೆ ಎಂದುಕೊಂಡಿದ್ದಾಳೆ. ಅವಳ ತರಗತಿಯಲ್ಲಿಯೇ ಇನ್ನೂ ಮೂರ್ನಾಲ್ಕು ಮಂದಿ ಅವಳಂತೆಯೇ ಬಾಯಿಮುಚ್ಚಿ ಕುಳಿತಿರಬಹುದು.

ಇತರ ಕಾರಣಗಳು

ಕೆಲವರಲ್ಲಿ ಮುಟ್ಟೂ ಸರಿಯಿರುತ್ತದೆ, ಹಾರ್ಮೋನೂ ಸರಿಯಿರುತ್ತದೆ. ರೋಮಕೂಪಗಳೇ ಹೆಚ್ಚು ಸೂಕ್ಷ್ಮವಾಗಿರುತ್ತವೆ. ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆ ಹುಟ್ಟಿನಿಂದಲೇ ಇದ್ದು, ಹದಿಹರೆಯದಲ್ಲಿ ಕೂದಲಿನ ರೂಪದಲ್ಲಿ ಹೊರಬೀಳುವುದುಂಟು. ಥೈರಾಯ್ಡ್ ಮತ್ತು ಪಿಟ್ಯುಟರಿ ಗ್ರಂಥಿಗಳ ತೊಂದರೆಗಳು ಕೆಲವೊಮ್ಮೆ ಪಿಸಿಓಎಸ್‌ನಂತೆಯೇ ಕಾಣುತ್ತವೆ. ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳಿಂದಲೂ ಕೂದಲು ಹೆಚ್ಚಬಹುದು. ಹಾಗೆಂದು ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ತೀರ ವಿರಳವಾಗಿ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆ ಇದಕ್ಕೆ ಕಾರಣವಾಗುತ್ತದೆ. ಅದರ ಗುರುತು ವೇಗ. ಪಿಸಿಓಎಸ್‌ನಲ್ಲಿ ಕೂದಲು ವರ್ಷಗಟ್ಟಲೆ ನಿಧಾನವಾಗಿ ಹೆಚ್ಚುತ್ತದೆ. ಗೆಡ್ಡೆಯಾದರೆ ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ಧ್ವನಿ ಗಡುಸಾಗಿ, ನೆತ್ತಿಯ ಕೂದಲು ಉದುರಿ, ಮುಟ್ಟು ನಿಂತುಹೋಗುತ್ತದೆ. ಹೀಗಾದಲ್ಲಿ ಒಂದು ವಾರವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಕಾರಣವನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಮುಖ ಬೆಳ್ಳಗಾಗಲಿ, ಮೊಡವೆ ಹೋಗಲಿ ಎಂದು ಔಷಧಿ ಅಂಗಡಿಯಲ್ಲಿ ಯಾರೋ ಹೇಳಿದ ಮುಲಾಮಿನ ಟ್ಯೂಬು ತಂದು ಹಚ್ಚುವ ಅಭ್ಯಾಸ ಹಳ್ಳಿ ಪಟ್ಟಣಗಳೆರಡರಲ್ಲೂ ಇದೆ. ಇಂಥ ಅನೇಕ ಮುಲಾಮುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಸ್ಟೀರಾಯ್ಡುಗಳಿರುತ್ತವೆ. ಮೊದಲ ಕೆಲವು ವಾರ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪಗೆ ಉರಿದು, ಮೊಡವೆ ಎದ್ದು, ಹಚ್ಚಿದ ಜಾಗದಲ್ಲೆಲ್ಲಾ ಕೂದಲು ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೆ ಕೊಳ್ಳುವವರಿಗೆ ಎಚ್ಚರವಿಲ್ಲದಿದ್ದರೆ ಕಾನೂನು ಎಷ್ಟೆಂದು ಕಾಯುತ್ತದೆ? ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ವಿದ್ಯಾರ್ಥಿಗಳಾದ ನೀವು ಮನೆಯವರಿಗೂ ಓದಿ ಹೇಳಿ.

ವೈದ್ಯರ ಬಳಿಗೆ ಯಾವಾಗ?

ಮೈನೆರೆದ ಮೊದಲ ವರ್ಷ ಮುಟ್ಟು ಹೆಚ್ಚುಕಡಿಮೆಯಾಗುವುದು ಸಹಜ. ಆಮೇಲೆ ಈ ಲೆಕ್ಕವನ್ನು ನೆನಪಿಡಿ. ಒಂದರಿಂದ ಮೂರು ವರ್ಷದೊಳಗೆ, ಒಂದು ಮುಟ್ಟಿನಿಂದ ಇನ್ನೊಂದಕ್ಕೆ 45 ದಿನಕ್ಕಿಂತ ಹೆಚ್ಚು ಅಥವಾ 21 ದಿನಕ್ಕಿಂತ ಕಡಿಮೆ ಅಂತರವಿರಬಾರದು. ಮೂರು ವರ್ಷ ಕಳೆದ ಮೇಲೆ 35 ದಿನ ದಾಟಬಾರದು. ಯಾವಾಗಲಾದರೂ 90 ದಿನ ಮುಟ್ಟಾಗದಿದ್ದರೆ, ಅಥವಾ 15 ವರ್ಷ ತುಂಬಿದರೂ ಮೈನೆರೆಯದಿದ್ದರೆ ತೋರಿಸಬೇಕು. ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುವ ಅಭ್ಯಾಸ ಮಾಡಿಕೊಂಡರೆ ಸಾಕು, ಬೇರೆ ಲೆಕ್ಕಪುಸ್ತಕ ಬೇಡ. ಅತಿರೋಮದ ಜೊತೆಗೆ ಮುಟ್ಟಿನ ಏರುಪೇರು, ಹಟಮಾರಿ ಮೊಡವೆ, ಬೇಗ ಏರುತ್ತಿರುವ ತೂಕ, ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂತೆ ದಪ್ಪವಾದ ಕಪ್ಪು ಪಟ್ಟಿ, ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣಿ. ಆ ಕಪ್ಪನ್ನು ಕೊಳೆಯೆಂದು ತಿಳಿದು ತಾಯಂದಿರು ತೆಂಗಿನ ನಾರಿನಿಂದ ಉಜ್ಜುವುದುಂಟು. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿರುವುದರ ಗುರುತು.

ಎಲ್ಲಿಗೆ ಹೋಗಬೇಕು? ಈ ನಾಲ್ಕೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳನ್ನು ತೆರೆಯಲಾಯಿತು. ಹೇಳಿಕೊಳ್ಳಲು ಸಂಕೋಚವಾದರೆ ಊರಿನ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಒಂದು ಮಾತು ಹಾಕಿ. ಹೆಚ್ಚಿನ ಪರೀಕ್ಷೆಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ, ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ.

ಅಲ್ಲಿ ಏನು ಮಾಡುತ್ತಾರೆ ಎಂಬ ಭಯವೂ ಬೇಡ. ಮೊದಲು ಪ್ರಶ್ನೆ ಕೇಳುತ್ತಾರೆ, ತೂಕ ಮತ್ತು ರಕ್ತದ ಒತ್ತಡ ನೋಡುತ್ತಾರೆ. ಹಾರ್ಮೋನು, ಥೈರಾಯ್ಡ್, ಸಕ್ಕರೆಗಾಗಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಲ್ಲಿ ಪಿಸಿಓಎಸ್ ಎಂದು ತೀರ್ಮಾನಿಸಲು ಸ್ಕ್ಯಾನಿಂಗ್ ಬೇಕಿಲ್ಲ, ಏಕೆಂದರೆ ಆ ವಯಸ್ಸಿನ ಆರೋಗ್ಯವಂತ ಅಂಡಾಶಯದಲ್ಲಿಯೂ ಅನೇಕ ಗುಳ್ಳೆಗಳು ಕಾಣುತ್ತವೆ. ಬರಿಯ ಸ್ಕ್ಯಾನಿಂಗ್ ಚೀಟಿ ನೋಡಿ ಹದಿನಾರರ ಹುಡುಗಿಗೆ ರೋಗದ ಹೆಸರು ಅಂಟಿಸಬಾರದು.

ನೀರು ನಿಲ್ಲಿಸುವುದು, ಪೈರು ಕೊಯ್ಯುವುದು

ಚಿಕಿತ್ಸೆಗೆ ಎರಡು ಕೈಗಳಿವೆ. ನಾಲೆಯ ನೀರು ನಿಲ್ಲಿಸಿದರೆ ಹೊಸ ಪೈರು ಹುಲುಸಾಗಿ ಬರುವುದಿಲ್ಲ, ಆದರೆ ಈಗಾಗಲೇ ನಿಂತಿರುವ ಪೈರು ತಾನಾಗಿ ಮಾಯವಾಗುವುದೂ ಇಲ್ಲ. ಅದನ್ನು ಕೊಯ್ಯಬೇಕು. ಹಾಗೆಯೇ ಔಷಧಿ ಹಾರ್ಮೋನನ್ನು ಹದಕ್ಕೆ ತರುತ್ತದೆ, ಇರುವ ಕೂದಲನ್ನು ಬೇರೆ ವಿಧಾನದಿಂದ ತೆಗೆಯಬೇಕು. ಬರಿಯ ಪಾರ್ಲರಿಗೆ ಹೋದರೆ ನೀರು ಬಿಟ್ಟುಕೊಂಡೇ ಕೊಯ್ದಂತೆ. ಬರಿಯ ಮಾತ್ರೆ ನುಂಗಿದರೆ ಫಲ ಕಾಣದೆ ನಿರಾಶೆ.

ನೀರು ನಿಲ್ಲಿಸುವ ಕೆಲಸದಲ್ಲಿ ಮೊದಲನೆಯದು ದಿನಚರಿ. ತೂಕ ಹೆಚ್ಚಿರುವವರು ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೂ, ಅಂದರೆ 60 ಕಿಲೋ ಇರುವವರು ಮೂರರಿಂದ ಆರು ಕಿಲೋ ಇಳಿಸಿದರೂ, ಇನ್ಸುಲಿನ್ ತಗ್ಗುತ್ತದೆ, ಅನೇಕರಿಗೆ ಮುಟ್ಟು ಸರಿಹೋಗುತ್ತದೆ. ಉಪವಾಸ ಬೇಡ. ಮುದ್ದೆಯ ಗಾತ್ರ ಸ್ವಲ್ಪ ಇಳಿಯಲಿ, ಸೊಪ್ಪು, ಹುರುಳಿ, ಅವರೆಕಾಳು, ಮೊಟ್ಟೆ ಹೆಚ್ಚಲಿ. ನಾವು ಸಕ್ಕರೆ ಕಾರ್ಖಾನೆಗಳ ನಾಡಿನವರು. ಆದರೂ ಬೆಲ್ಲ ಸಕ್ಕರೆಯ ಟೀ, ಬೇಕರಿ ತಿಂಡಿಗೆ ಹತೋಟಿ ಇರಲಿ. ದಿನಕ್ಕೊಂದು ಗಂಟೆ ಮೈ ದಣಿಯಲಿ. ಆಗಲೇ ಹೇಳಿದ ಸಂಶೋಧಕರು ಪಿಸಿಓಎಸ್ ಇರುವ 90 ಹುಡುಗಿಯರನ್ನು ಎರಡು ಗುಂಪು ಮಾಡಿ, ದಿನಕ್ಕೊಂದು ಗಂಟೆಯಂತೆ 12 ವಾರ ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ ಮಾಡಿಸಿದರು. ಯೋಗದ ಗುಂಪಿನಲ್ಲಿ ಟೆಸ್ಟೋಸ್ಟಿರೋನ್ ಮತ್ತು ಅತಿರೋಮದ ಅಂಕಗಳೆರಡೂ ಹೆಚ್ಚು ಇಳಿದವು. ಇದು ಒಂದೇ ಕಾಲೇಜಿನ, ಮೂರು ತಿಂಗಳ ಪ್ರಯೋಗ. ಇಷ್ಟರಿಂದ ಯೋಗವೇ ಮದ್ದು ಎಂದು ಸಾರಬೇಕಿಲ್ಲ. ಆದರೆ ನಿಯಮಿತ ಅಭ್ಯಾಸಕ್ಕೆ ಶರೀರ ಸ್ಪಂದಿಸುತ್ತದೆ ಎಂಬುದಂತೂ ನಿಜ.

ಇನ್ನು ಔಷಧಿ. ಮುಟ್ಟನ್ನು ಕ್ರಮಗೊಳಿಸಿ ಆಂಡ್ರೊಜನ್ ತಗ್ಗಿಸಲು ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಎರಡು ಹಾರ್ಮೋನುಗಳಿರುವ ಮಾತ್ರೆ. ಇದೇ ಮಾತ್ರೆಯನ್ನು ಗರ್ಭನಿರೋಧಕವಾಗಿಯೂ ಬಳಸುತ್ತಾರೆ. ಆ ಹೆಸರು ಕೇಳಿದ ಕೂಡಲೇ ತಾಯಂದಿರು ಬೆಚ್ಚಿ ಮಾತ್ರೆಯನ್ನು ತಿಪ್ಪೆಗೆಸೆಯುತ್ತಾರೆ. ದಯವಿಟ್ಟು ತಿಳಿಯಿರಿ, ಇಲ್ಲಿ ಅದು ಹಾರ್ಮೋನಿನ ಚಿಕಿತ್ಸೆ. ಮದುವೆಯಾಗದ ಹುಡುಗಿ ಇದನ್ನು ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯೂ ಇಲ್ಲ. ರಕ್ತದ ಒತ್ತಡ, ರಕ್ತ ಹೆಪ್ಪುಗಟ್ಟುವ ತೊಂದರೆ, ಕೆಲವು ಬಗೆಯ ಅರೆತಲೆನೋವು ಇದ್ದವರಿಗೆ ಇದು ಹೊಂದುವುದಿಲ್ಲ. ಆರು ತಿಂಗಳಾದರೂ ಸಾಲದಿದ್ದರೆ ಸ್ಪೈರೊನೊಲ್ಯಾಕ್ಟೋನ್‌ನಂಥ, ಆಂಡ್ರೊಜನ್‌ಗೆ ಅಡ್ಡನಿಲ್ಲುವ ಔಷಧಿಯನ್ನು ಸೇರಿಸುವುದುಂಟು. ಇದು ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ; ಸ್ವಂತ ನಿರ್ಧಾರದಿಂದ ಎಂದೂ ನುಂಗಬಾರದು. ಮೆಟ್‌ಫಾರ್ಮಿನ್ ಇನ್ಸುಲಿನ್ನಿನ ಕೆಲಸಕ್ಕೆ ನೆರವಾಗುತ್ತದೆ, ಆದರೆ ಕೂದಲಿನ ಮೇಲೆ ಅದರ ಪ್ರಭಾವ ಕಡಿಮೆ. ಯಾವ ಔಷಧಿಯಾದರೂ ಕಣ್ಣಿಗೆ ಕಾಣುವ ಫಲ ಕೊಡಲು ಆರು ತಿಂಗಳು ಬೇಕು, ಏಕೆಂದರೆ ಬೆಳೆದು ನಿಂತ ಕೂದಲು ತನ್ನ ಆಯುಸ್ಸು ಮುಗಿಸಿ ಉದುರಬೇಕು. ಎರಡು ತಿಂಗಳಿಗೆ ಬೇಸತ್ತು ಬಿಟ್ಟವರೇ ಹೆಚ್ಚು.

ಇರುವ ಕೂದಲನ್ನು ತೆಗೆಯುವ ದಾರಿಗಳು ಹಲವು. ನೂಲಿನಿಂದ ಕೀಳುವ ಥ್ರೆಡಿಂಗ್, ವ್ಯಾಕ್ಸಿಂಗ್, ಬಣ್ಣ ತಿಳಿಯಾಗಿಸುವ ಬ್ಲೀಚಿಂಗ್, ರೇಜರ್ ಇವೆಲ್ಲ ತಾತ್ಕಾಲಿಕ. ಕ್ಷೌರ ಮಾಡಿದರೆ ಕೂದಲು ದಪ್ಪವಾಗುತ್ತದೆ ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ತಜ್ಞೆ 1928ರಲ್ಲೇ ಇದನ್ನು ಅಳೆದು ನೋಡಿ, ಹಾಗೇನೂ ಆಗುವುದಿಲ್ಲವೆಂದು ತೋರಿಸಿದರು. ಕಬ್ಬು ಕಡಿದ ಗದ್ದೆಯಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತದೆ. ಹಾಗೆಂದು ಕಬ್ಬು ದಪ್ಪವಾಯಿತು ಎನ್ನುತ್ತೇವೆಯೇ? ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟೆನಿಸುತ್ತದೆ, ಅಷ್ಟೆ. ಅಜ್ಜಿಯ ಅರಿಶಿನ, ಕಡಲೆಹಿಟ್ಟಿನಿಂದ ಮುಖಕ್ಕೆ ಹಿತವಾದೀತು. ಆದರೆ ಚರ್ಮದಾಳದ ರೋಮಕೂಪದ ಬುಡವನ್ನು ಅದು ಮುಟ್ಟಲಾರದು. ಅರಿಶಿನ ಹಚ್ಚದೆ ಕೂದಲು ಬಂತೆಂಬ ಅಪವಾದದಿಂದ ಹುಡುಗಿಯರಿಗೆ ಬಿಡುಗಡೆ ಕೊಡೋಣ.

ಬಹುಕಾಲ ಉಳಿಯುವ ವಿಧಾನಗಳು ಎರಡು. ಸೂಜಿಯ ಮೂಲಕ ವಿದ್ಯುತ್ ಹಾಯಿಸಿ ಒಂದೊಂದೇ ರೋಮಕೂಪವನ್ನು ಸುಡುವ ಎಲೆಕ್ಟ್ರಾಲಿಸಿಸ್ ಮೊದಲನೆಯದು. 1875ರಲ್ಲಿ ಅಮೆರಿಕದ ಕಣ್ಣಿನ ವೈದ್ಯರೊಬ್ಬರು ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಇದನ್ನು ಬಳಸಿದ್ದರು. ಎರಡನೆಯದು ಲೇಸರ್. ಕೂದಲಿನ ಕಪ್ಪುಬಣ್ಣ ಬೆಳಕನ್ನು ಹೀರಿ ಬಿಸಿಯಾಗಿ ರೋಮಕೂಪ ಸುಡುತ್ತದೆ. ತಿಂಗಳಿಗೊಮ್ಮೆಯಂತೆ ಆರೆಂಟು ಸಲವಾದರೂ ಬೇಕು. ನಮ್ಮ ಚರ್ಮದಲ್ಲಿಯೂ ಕಪ್ಪುವರ್ಣ ಇರುವುದರಿಂದ ಪಳಗದ ಕೈಗೆ ಸಿಕ್ಕರೆ ಮುಖವೇ ಸುಟ್ಟು ಕಲೆ ಉಳಿಯಬಹುದು. ಕಂದು ಚರ್ಮಕ್ಕೆ ಹೊಂದುವ ಯಂತ್ರವಿರುವ, ಚರ್ಮರೋಗ ತಜ್ಞರಿರುವ ಕಡೆ ಮಾತ್ರ ಇದನ್ನು ಮಾಡಿಸಬೇಕು. ಹಾರ್ಮೋನು ಹದಕ್ಕೆ ಬರುವ ಮುನ್ನ ಲೇಸರಿಗೆ ದುಡ್ಡು ಸುರಿದರೆ ಕೂದಲು ಮರಳಿ ಬರುತ್ತದೆ.

ಕೊನೆಯ ಮಾತು

ಇಷ್ಟೆಲ್ಲ ಏಕೆ ಮಾಡಬೇಕು? ಕೂದಲಿದ್ದರೆ ಇರಲಿ ಬಿಡಿ ಎಂದು ಧೈರ್ಯವಾಗಿ ಇರುವವರೂ ಇದ್ದಾರೆ. ಕೂದಲನ್ನು ತೆಗೆಯುವುದು ಬಿಡುವುದು ಅವರವರ ಇಷ್ಟ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕಾರಣವನ್ನು ತಿಳಿಯದೆ ಬಿಡಬಾರದು. ಪಿಸಿಓಎಸ್ ಅನ್ನು ಗಮನಿಸದೆ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಹೆಚ್ಚು. ತಿಂಗಳುಗಟ್ಟಲೆ ಮುಟ್ಟಾಗದೆ ಹೋದರೆ ಗರ್ಭಕೋಶದ ಒಳಪದರಕ್ಕೆ ಒಳ್ಳೆಯದಲ್ಲ. ಮಕ್ಕಳಾಗುವುದು ತಡವಾಗಬಹುದು, ಆದರೆ ಚಿಕಿತ್ಸೆಯಿಂದ ತಾಯಂದಿರಾದವರು ಬಹಳ ಮಂದಿ. ಗದ್ದದ ಮೇಲಿನ ನಾಲ್ಕು ಕೂದಲು ಇಷ್ಟನ್ನೂ ಮೊದಲೇ ತಿಳಿಸಲು ಬಂದ ಓಲೆ. ಓಲೆಯನ್ನು ಹರಿದು ಹಾಕಿದರೆ ಸಮಾಚಾರ ಸುಳ್ಳಾಗುವುದಿಲ್ಲ.

ಗಂಡುಮಕ್ಕಳೇ, ನಿಮಗೂ ಒಂದು ಮಾತು. ನಿಮ್ಮ ಮೇಲ್ತುಟಿಯ ಮೇಲೆ ಮೀಸೆ ಚಿಗುರಿಸಿದ ಹಾರ್ಮೋನು ನಿಮ್ಮ ಸಹಪಾಠಿಯ ಮೈಯಲ್ಲೂ ಇದೆ. ನಿಮಗೆ ಹೆಮ್ಮೆ ತಂದದ್ದು ಅವಳಿಗೆ ಅವಮಾನ ಆಗಬೇಕಿಲ್ಲ. ಹಿಂದಿನ ಬೆಂಚಿನ ಒಂದು ಪಿಸುಮಾತು ಒಬ್ಬಳ ಓದನ್ನೇ ನಿಲ್ಲಿಸಬಲ್ಲದು.

ಆ ಬಸ್ಸಿನ ಹುಡುಗಿಯ ಬಳಿಗೆ ಮತ್ತೆ ಬರೋಣ. ಅವಳು ಮೊದಲು ಮಾಡಬೇಕಾದ್ದು ದೊಡ್ಡದೇನಲ್ಲ. ಇಂದು ರಾತ್ರಿ ಊಟವಾದ ಮೇಲೆ ಅಡುಗೆಮನೆಯಲ್ಲಿ ತಾಯಿಯ ಪಕ್ಕ ಕುಳಿತು, "ಅವ್ವ, ನಂಗೆ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ" ಎನ್ನಬೇಕು. ತಾಯಿ ಮಾಡಬೇಕಾದ್ದೂ ಇಷ್ಟೇ. ಬೈಯದೆ, ಅಳದೆ, "ನಾಳೆ ಆಸ್ಪತ್ರೆಗೆ ಹೋಗವ ಬಾ ಮಗ" ಎನ್ನಬೇಕು.